ಐದು ಬೆರಳಿಗೆ ಐದು ಟೊಪ್ಪಿ

ಬರೆಮೇಲು ಆರೋಗ್ಯ ಉಪಕೇಂದ್ರ,
ಕಡಬದ ಹತ್ತಿರ
9 ಮೇ 1982

ನಮ್ಮ ಮನೆಯವರಿಗೆ,

ನಾನು ಆರಾಮ. ನನ್ನ ಕಾಲು ಆರಾಮವಿಲ್ಲ. ಇಬ್ಬರ ಕ್ಷೇಮವನ್ನೂ ಬೇರೆ ಬೇರೆ ಬರೆಯುವ ಸ್ಥಿತಿ ಬಂದಿದೆ.

ಕಳೆದ ಮಳೆಗಾಲದಲ್ಲಿ ನನ್ನ ಬೆರಳ ಸಂದಿಗಳು ಹೇಗೆ ಕೊಳೆತಿದ್ದವು ಎಂದು ನೀವು ನೋಡಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ನೀವು ಈ ಕಡೆ ತಲೆ ಹಾಕುವುದಿಲ್ಲವಲ್ಲ. ದಿನಕ್ಕೆ ಏಳು ಮೈಲಿ ನಡಿಗೆ, ದಾರಿಯಲ್ಲಿ ತುಂಬಿ ಹರಿಯುವ ನಾಲ್ಕು ತೋಡು. ಚಪ್ಪಲಿ ಹಾಕಿದರೆ ಕೆಸರು ಅದನ್ನು ಇಟ್ಟುಕೊಂಡು ನನ್ನನ್ನು ಮಾತ್ರ ಮುಂದೆ ಬಿಡುತ್ತದೆ. ಗಂಬೂಟು ಉಂಟು, ಏಳನೇ ನಂಬ್ರದ್ದು. ಅದರೊಳಗೆ ನನ್ನ ಕಾಲು ಹಂಡೆಯೊಳಗೆ ಸೌಟು ಬಿಟ್ಟ ಹಾಗೆ. ಕಡೆಗೆ ಬರಿಗಾಲೇ ಗತಿ. ಬರಿಗಾಲಿಗೆ ಉಂಬುಳ ಕಾದು ಕೂತಿರುತ್ತದೆ. ಪಾಠ ಪುಸ್ತಕದಲ್ಲಿ ಜಿಗಣೆ ಎನ್ನುತ್ತಾರಲ್ಲ, ಅದೇ. ಅದಕ್ಕೆ ಬೆರಳ ಸಂದಿ ಎಂದರೆ ತವರುಮನೆ.

ಮೊನ್ನೆ ದೊಡ್ಡ ಡಾಕ್ಟರು ಬಂದವರು ಕಾಲು ನೋಡಿ, "ಈ ಮಳೆಗಾಲವೂ ಹೀಗೇ ಆದ್ರೆ ನಿಮ್ಮನ್ನು ಪುತ್ತೂರಿನಲ್ಲಿ ರಿಜಿಸ್ಟರ್ ಬರೀಲಿಕ್ಕೆ ಕೂರಿಸ್ತೇನೆ ಕಮಲಾವತಿ. ಬೆರಳು ಕತ್ತರಿಸುವ ಹಾಗಾದ್ರೆ ಯಾರು ಜವಾಬ್ದಾರಿ?" ಎಂದರು. ಆಗಸ್ಟಿನಲ್ಲಿ ಇನ್ನೊಮ್ಮೆ ನೋಡಿ ತೀರ್ಮಾನ ಮಾಡುತ್ತಾರಂತೆ. ನಾನು ಹೋದರೆ ಇಲ್ಲಿಗೆ ಬೇರೆ ನರ್ಸು ಸುಲಭದಲ್ಲಿ ಬರುವುದಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ತೋಡಿನ ಆಚೆ ಅಮ್ಮುವಿಗೆ ಆಗಸ್ಟಿನಲ್ಲಿ ದಿನ ತುಂಬುತ್ತದೆ. ಮೊದಲಿನ ಎರಡು ಉಳಿಯಲಿಲ್ಲ. ಆಗ ಇಲ್ಲಿ ನರ್ಸು ಇರಲಿಲ್ಲ.

ಈ ಸಾಲುಗಳನ್ನು ಓದಿ ನೀವು ಖುಷಿಪಡಬೇಡಿ. ಪುತ್ತೂರಿಗೆ ಬಂದು ಕೂರುವ ಮನಸ್ಸು ನನಗಿಲ್ಲ.

ದಾರಿಯನ್ನೂ ಡಾಕ್ಟರೇ ಹೇಳಿದ್ದಾರೆ. ಬೆರಳಿಗೊಂದೊಂದು ಕೋಣೆ ಇರುವ ಕಾಲುಚೀಲ ಎಲ್ಲೋ ಸಿಗುತ್ತದಂತೆ. ಒಂದು ಬೆರಳು ಇನ್ನೊಂದಕ್ಕೆ ತಾಗುವುದಿಲ್ಲ, ಕೊಳೆಯುವುದಿಲ್ಲ. ಅಡಿ ದಪ್ಪ ಇದ್ದರೆ ಅದರಲ್ಲೇ ಬರಿಗಾಲಿನ ಹಾಗೆ ನಡೆಯಬಹುದು. ನನ್ನ ಪಾದ ಎಂಟೂಕಾಲು ಇಂಚು. ಪುತ್ತೂರು ದೊಡ್ಡ ಪೇಟೆ. ಹುಡುಕಿ.

ಇತಿ ನಿಮ್ಮ
ಕಮಲಾ


ಪುತ್ತೂರು
16 ಮೇ 1982

ಬರೆಮೇಲು ಸೀಮೆಯ ದೊರೆಸಾನಿಯವರ ಪಾದಗಳಿಗೆ ವಂದಿಸಿ (ಈ ಸಲ ಇದು ಬರಿಯ ಮರ್ಯಾದೆಯ ಮಾತಲ್ಲ) ವೆಂಕಪ್ಪನು ಮಾಡುವ ಅರಿಕೆ,

ಹೈಸ್ಕೂಲಿನ ಗುಮಾಸ್ತನಾಗಿ ಹದಿನಾಲ್ಕು ವರ್ಷ ಸವೆಸಿದವನಿಗೆ ಯಾವ ವಿಷಯವನ್ನೂ ಕ್ರಮಪ್ರಕಾರ ವಿಲೇವಾರಿ ಮಾಡಿಯೇ ಅಭ್ಯಾಸ. ಆದ್ದರಿಂದ ಮೊದಲು ನನ್ನ ಆಕ್ಷೇಪಣೆಯನ್ನು ದಾಖಲಿಸುತ್ತೇನೆ. ಕಾಲುಚೀಲ ಸಿಕ್ಕಿದರೆ ನೀನು ಅಲ್ಲಿಯೇ ಉಳಿಯುತ್ತಿ. ಸಿಗದಿದ್ದರೆ ಇಲ್ಲಿಗೆ ಬರುತ್ತಿ. ಹೆಂಡತಿಯನ್ನು ಇಪ್ಪತ್ತೈದು ಮೈಲಿ ದೂರದಲ್ಲೇ ಇಡುವಂಥ ವಸ್ತುವನ್ನು ಬಿಸಿಲಲ್ಲಿ ಅಂಗಡಿ ಅಂಗಡಿ ತಿರುಗಿ ಹುಡುಕುವ ಗಂಡ ಈ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ಆದರೂ ತಿರುಗಿದೆ.

ಮೊದಲನೆಯದು ಜವಳಿ ಅಂಗಡಿ. "ಬೆರಳಿರುವ ಸಾಕ್ಸಾ? ಅದು ಕೈಗೆ ಹಾಕುದಲ್ವಾ ಮಾರಾಯ್ರೆ?" ಎಂದು ಒಬ್ಬ ಕೇಳಿದ. ಇನ್ನೊಬ್ಬ ಒಳಗಿನಿಂದ, "ಯಾರಿಗೆ ಆರು ಬೆರಳು ಉಂಟಂತೆ?" ಎಂದು ಕೂಗಿದ. ಮೂರನೆಯವನು ಆರು ಬೆರಳಿನವರ ಅದೃಷ್ಟದ ಬಗ್ಗೆ ಶುರು ಮಾಡಿದ. ನಾನು ಕೆಳಗಿಳಿದೆ.

ಎರಡನೆಯದು ಚಪ್ಪಲಿ ಅಂಗಡಿ. ಎಂಟೂಕಾಲು ಇಂಚು ಎಂದೆ. "ಮಗಳಿಗಾ?" ಎಂದ. ಹೆಂಡತಿಗೆ ಎಂದೆ. ಅವನು ನನ್ನ ತಲೆಯ ನರೆ ನೋಡಿದ, ಸ್ಕೇಲು ನೋಡಿದ, ಮತ್ತೆ ನರೆ ನೋಡಿದ. "ಕರಕೊಂಡೇ ಬನ್ನಿ ಸಾರ್. ಈ ಸೈಜಿನವರಿಗೆ ನಾವು ಬಲೂನು ಕೊಡ್ತೇವೆ" ಎಂದ.

ಮೂರನೆಯದು ಮಕ್ಕಳ ಬಟ್ಟೆಯ ಅಂಗಡಿ. ಅಲ್ಲಿ ಸಿಕ್ಕಿದ್ದನ್ನು ಕಳಿಸುತ್ತಿದ್ದೇನೆ. ಅಳತೆ ಕರಾರುವಾಕ್ಕು. ಬೆರಳುಗಳಿಲ್ಲ, ಬದಲಿಗೆ ಬಾತುಕೋಳಿಗಳಿವೆ. ನೀರಲ್ಲಿ ಓಡಾಡುವವಳಿಗೆ ಬಾತುಕೋಳಿ ಶುಭ ಎಂದು ತಿಳಿದುಕೊ.

ಇತಿ, ಆಕ್ಷೇಪಣೆ ಸಹಿತ
ವೆಂಕಪ್ಪ


ಬರೆಮೇಲು
25 ಮೇ 1982

ನಮ್ಮ ಮನೆಯವರಿಗೆ,

ಬಾತುಕೋಳಿ ಎರಡು ದಿನ ಬದುಕಿತು. ಮೂರನೆಯ ದಿನ ಕಾಲುಂಗುರ ಅದರ ಕೊರಳು ಕೊಯ್ದು ಹೊರಗೆ ಬಂತು. ಅಂಗಡಿಯ ಯಾವ ಚೀಲ ಹಾಕಿದರೂ ನನ್ನ ಕಾಲುಂಗುರ ಮಾಡುವುದು ಇದನ್ನೇ.

ಉಂಗುರ ತೆಗೆದಿಡು ಎನ್ನಬೇಡಿ. ಡಾಕ್ಟರು ಹೇಳಿದ್ದಕ್ಕೆ ಏಪ್ರಿಲಿನಲ್ಲಿ ಒಂದು ವಾರ ತೆಗೆದಿಟ್ಟಿದ್ದೆ. ಅಷ್ಟರಲ್ಲಿ ಕಡಬದಲ್ಲಿ ಬಸ್ಸಿಗೆ ಕಾಯುತ್ತಿದ್ದ ಯಾರೋ ನನ್ನ ಕಾಲು ನೋಡಿ ಸುಳ್ಯಕ್ಕೆ ಸುದ್ದಿ ಮುಟ್ಟಿಸಿದರು. ನಿಮ್ಮ ಅಮ್ಮನಿಂದ ಕಾಗದ ಬಂತು: "ನನ್ನ ಮಗನಿಗೆ ಎಂತ ಆಗಿದೆ ಎಂದು ಯಾರೂ ನನಗೆ ತಿಳಿಸಲಿಲ್ಲ. ತಿಳಿಸಿದ್ದರೆ ಬರುತ್ತಿದ್ದೆ." ಓದಿದ ಕೂಡಲೇ ಉಂಗುರ ಹಾಕಿಕೊಂಡು ಸಾಬೂನು ಹಚ್ಚಿದರೂ ಬಾರದ ಹಾಗೆ ಒತ್ತಿದ್ದೇನೆ. ನೀವು ಬದುಕಿದ್ದೀರಿ ಎಂಬುದಕ್ಕೆ ಸದ್ಯ ಅದೊಂದೇ ಆಧಾರ.

ನಾನು ಕೇಳಿದ್ದು ಬೆರಳು ಬೇರೆ ಬೇರೆ ಇರುವ ಚೀಲ. ನೀವು ಮಾಡಿದ್ದು ಅಳತೆ ಒಂದನ್ನು ಹಿಡಿದುಕೊಂಡು ಉಳಿದದ್ದನ್ನು ಬಿಟ್ಟದ್ದು. ಚುಚ್ಚುಮದ್ದಿನ ಪಟ್ಟಿಯ ಹಿಂದೆ ಎರಡೂ ಪಾದ ಇಟ್ಟು ಪೆನ್ಸಿಲಿನಲ್ಲಿ ಗೀಟು ಎಳೆದಿದ್ದೇನೆ. ಈ ಕಾಗದದ ಜೊತೆ ಉಂಟು. ಅದನ್ನು ಹಿಡಿದುಕೊಂಡು ಹೋಗಿ. ಯಾರಾದರೂ ನಕ್ಕರೆ ನಗಲಿ, ಅವರ ಕಾಲಿಗೆ ಮಳೆ ತಾಗುವುದಿಲ್ಲ.

ಮಳೆಗೆ ಇನ್ನು ಹತ್ತು ದಿನ.

ಇತಿ ನಿಮ್ಮ
ಕಮಲಾ


ಪುತ್ತೂರು
3 ಜೂನ್ 1982

ಪ್ರಿಯ ಕಮಲಾ,

ಜಯವಾಯಿತು. ನಮ್ಮ ಡ್ರಿಲ್ ಮಾಸ್ಟ್ರು ಮಡಿಕೇರಿಗೆ ನೆಂಟರ ಮದುವೆಗೆ ಹೋಗಿದ್ದರು. ಅವರ ಕೈಯಲ್ಲಿ ನಿನ್ನ ಪಾದಚಿತ್ರ ಕಳಿಸಿದ್ದೆ. ಅವರು ಅದನ್ನು ಮದುವೆ ಚಪ್ಪರದಲ್ಲಿ ನಾಲ್ಕು ಜನಕ್ಕೆ ತೋರಿಸಿ, ಚಳಿ ಊರಿನವರ ಸಲಹೆ ಪಡೆದು, ಉಣ್ಣೆಯ ಕೈಗವಸು ತಂದಿದ್ದಾರೆ. ಮಕ್ಕಳದ್ದು, ಕೆಂಪು ಬಣ್ಣ.

ಕೈಗವಸನ್ನು ಕಾಲಿಗೆ ಹೇಗೆ ಎಂದು ನೀನು ಕೇಳುತ್ತಿ. ಕೈಗೂ ಕಾಲಿಗೂ ಎಂತ ವ್ಯತ್ಯಾಸ? ಎರಡಕ್ಕೂ ಐದೈದೇ. ದೇವರು ಒಂದೇ ನಕ್ಷೆಯಲ್ಲಿ ಎರಡು ಕೆಲಸ ಮುಗಿಸಿದ್ದಾನೆ. ಕೋಣೆ ಐದಕ್ಕೆ ಐದೂ ಉಂಟು, ಎಣಿಸಿದ್ದೇನೆ. ಪ್ರಯೋಗಕ್ಕೆಂದು ನನ್ನ ಕಾಲಿಗೆ ಹಾಕಿ ನೋಡಿದೆ. ಹೋಗಲೇ ಇಲ್ಲ. ಆದ್ದರಿಂದ ನಿನಗೆ ಸರಿಯಾಗುತ್ತದೆ ಎಂಬುದು ತರ್ಕಸಿದ್ಧ.

ಶಾಲೆ ಶುರುವಾಗಿದೆ. ಹೆಡ್‌ಮಾಸ್ಟ್ರು ನನ್ನ ಮೇಜಿನ ಮೇಲೆ ಕೆಂಪು ಗವಸು ನೋಡಿ ಎಂತದೆಂದು ಕೇಳಿದರು. ಇಲಾಖೆಗೆ ಸಂಬಂಧಪಟ್ಟದ್ದು ಎಂದೆ. ಸುಳ್ಳೇನಲ್ಲ.

ಇತಿ, ಕಾರ್ಯಸಾಧಕ
ವೆಂಕಪ್ಪ


ಬರೆಮೇಲು
12 ಜೂನ್ 1982

ನಮ್ಮ ಮನೆಯವರಿಗೆ,

ದೇವರು ಒಂದೇ ನಕ್ಷೆಯಲ್ಲಿ ಮುಗಿಸಿಲ್ಲ. ನಿಮ್ಮ ಕೈ ನೋಡಿ, ಕಾಲು ನೋಡಿ. ಕೈಯ ಹೆಬ್ಬೆರಳು ಕೆಳಗೆ, ಪಕ್ಕದಲ್ಲಿ, ಜಗಳವಾಡಿ ಬೇರೆ ಮನೆ ಮಾಡಿದವನ ಹಾಗೆ ಇರುತ್ತದೆ. ಕಾಲಿನ ಹೆಬ್ಬೆರಳು ತಮ್ಮಂದಿರ ಸಾಲಿನಲ್ಲೇ ನಿಂತಿರುತ್ತದೆ. ಇಷ್ಟು ತಿಳಿಯಲಿಕ್ಕೆ ಡಾಕ್ಟರಿಕೆ ಕಲಿಯಬೇಕಿಲ್ಲ.

ನಿಮ್ಮ ಗವಸು ಹಾಕಿದರೆ ಹೆಬ್ಬೆರಳಿನ ಕೋಣೆ ನನ್ನ ಹಿಮ್ಮಡಿಯ ಹತ್ತಿರ ಖಾಲಿ ನೇತಾಡುತ್ತದೆ. ನಿಜವಾದ ಹೆಬ್ಬೆರಳು ತೋರುಬೆರಳಿನ ಕೋಣೆಗೆ ನುಗ್ಗಿ ಉಳಿದವರನ್ನೆಲ್ಲ ಒಂದೊಂದು ಮನೆ ಆಚೆ ತಳ್ಳಿದೆ. ಕಿರುಬೆರಳಿಗೆ ಜಾಗವೇ ಇಲ್ಲ. ಖಾಲಿ ಕೋಣೆಯಲ್ಲಿ ಎರಡು ಉಂಬುಳ ಬಾಡಿಗೆ ಇಲ್ಲದೆ ಕೂತಿದ್ದವು. ಕೆಂಪು ಉಣ್ಣೆಯಲ್ಲಿ ರಕ್ತ ಕಾಣುವುದಿಲ್ಲ, ಸಂಜೆ ಬಿಚ್ಚಿದಾಗಲೇ ಗೊತ್ತಾದದ್ದು.

ಅಮ್ಮುವಿನ ಮನೆಯ ಅಂಗಳದಲ್ಲಿ ಅವಳ ಅತ್ತೆ ನನ್ನ ಕಾಲು ನೋಡಿ, "ನರ್ಸಕ್ಕ, ಕಾಲಿಗೆ ಕೈ ಬಂದದ್ದು ಯಾವಾಗ?" ಎಂದರು. ಅಮ್ಮು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ಆರು ತಿಂಗಳಿನಿಂದ ಹೆದರಿಕೊಂಡೇ ಇದ್ದವಳು ನಕ್ಕಳಲ್ಲ, ಅಷ್ಟು ಉಪಕಾರ ನಿಮ್ಮಿಂದ ಆಯಿತು.

ಮಳೆ ಎಂಟು ದಿನದಿಂದ ಬಿಟ್ಟಿಲ್ಲ. ಮೂರನೇ ನಾಲ್ಕನೇ ಬೆರಳ ಸಂದಿ ಬಿಳಿಚಿಕೊಂಡಿದೆ. ಇನ್ನು ಒಂದು ವಾರಕ್ಕೆ ಒಡೆಯುತ್ತದೆ. ನಾನೊಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ನೀವು ಹುಡುಕುತ್ತಿದ್ದೀರಾ, ಹುಡುಕಿದ ಹಾಗೆ ಆಡುತ್ತಿದ್ದೀರಾ?

ಕಮಲಾ


ಪುತ್ತೂರು
20 ಜೂನ್ 1982

ಪ್ರಿಯ ಕಮಲಾ,

ಸಿಟ್ಟಾಗಬೇಡಿ ಎಂದು ಬರೆದು ಸಿಟ್ಟು ಬರುವ ಮಾತು ಬರೆಯುವುದು ನಿಮ್ಮ ಇಲಾಖೆಯ ಪದ್ಧತಿ ಇರಬೇಕು, ಸೂಜಿ ಚುಚ್ಚುವ ಮೊದಲು ನೋವಾಗುವುದಿಲ್ಲ ಎನ್ನುವ ಹಾಗೆ. ನಾನು ಹುಡುಕುತ್ತಿದ್ದೇನೆ. ಪುರಾವೆಯನ್ನು ಕೆಳಗೆ ಕೊಟ್ಟಿದೆ.

ಕಬಕದಲ್ಲಿ ಬೀಫಾತುಮ್ಮ ಎಂಬವರಿದ್ದಾರೆ. ಕ್ರೋಶಾ ಕಡ್ಡಿಯಲ್ಲಿ ನಮಾಜಿನ ಟೊಪ್ಪಿ ಹೆಣೆಯುವವರು. ಸುತ್ತಿನ ನಾಲ್ಕು ಊರಿನ ಗಂಡಸರ ತಲೆ ಅವರ ಕೈಯಲ್ಲೇ ಉಂಟು. ನಾನು ವಿಷಯ ಹೇಳಿದೆ. ನಗಲಿಲ್ಲ. ಅಷ್ಟರಲ್ಲೇ ನನಗೆ ಗೌರವ ಬಂತು. ಸ್ವಲ್ಪ ಯೋಚಿಸಿ, "ಬೆರಳು ಅಂದ್ರೆ ಎಂತ ಸಾರ್, ಸಣ್ಣ ತಲೆಯೇ ಅಲ್ವಾ? ಐದು ಟೊಪ್ಪಿ ಮಾಡಿ ಒಂದು ಚೀಲಕ್ಕೆ ಸೇರಿಸಿದ್ರೆ ಆಯ್ತು" ಎಂದರು. ದೊಡ್ಡ ದೊಡ್ಡ ಅಂಗಡಿಯವರಿಗೆ ಹೊಳೆಯದ್ದು.

ನಿನ್ನ ಪಾದಚಿತ್ರ ಕೊಟ್ಟೆ. ತಿರುಗಿಸಿ ನೋಡಿ ವಾಪಸು ಕೊಟ್ಟರು. "ಕಾಗದಕ್ಕೆ ದಪ್ಪ ಇಲ್ಲ. ತಲೆ ಮುಟ್ಟದೆ ನಾನು ಟೊಪ್ಪಿ ಮಾಡುದಿಲ್ಲ. ಅವರನ್ನೇ ಕರಕೊಂಡು ಬನ್ನಿ."

ರಜೆ ಇಲ್ಲ ಎಂದೆ.

"ಹಾಗಾದ್ರೆ ನೀವೇ ಹೇಳಿ. ಹೆಬ್ಬೆರಳು ಉದ್ದವಾ, ಎರಡನೇದು ಉದ್ದವಾ?"

ನನಗೆ ಗೊತ್ತಿರಲಿಲ್ಲ.

"ಕಿರುಬೆರಳು ನೆಟ್ಟಗೆ ಉಂಟಾ, ಒಳಗೆ ಮಡಚಿದೆಯಾ?"

ಅದೂ ಗೊತ್ತಿರಲಿಲ್ಲ.

"ಮದುವೆ ಆಗಿ ಎಷ್ಟು ವರ್ಷ ಆಯ್ತು?"

ಹನ್ನೊಂದು ಎಂದೆ. ಅವರು ನೂಲಿನ ಉಂಡೆ ತಿರುಗಿಸತೊಡಗಿದರು. ಅವರ ಅಳಿಯ ರವೂಫ್ ಬಾಗಿಲಲ್ಲಿ ನಿಂತು ಮಳೆ ನೋಡುವವನ ಹಾಗೆ ಮುಖ ತಿರುಗಿಸಿಕೊಂಡ. ಪರೀಕ್ಷೆಯಲ್ಲಿ ನಪಾಸಾದ ಮಕ್ಕಳ ಹೆಸರನ್ನು ಹದಿನಾಲ್ಕು ವರ್ಷದಿಂದ ಬೋರ್ಡಿಗೆ ಅಂಟಿಸಿದವನು ನಾನು. ಅಂಟಿಸಲ್ಪಡುವುದು ಹೇಗಿರುತ್ತದೆ ಎಂದು ಅಂದು ತಿಳಿಯಿತು.

ಕಡೆಗೆ ಅವರೇ ಒಂದು ಉಪಾಯ ಹೇಳಿದರು. ಜೊತೆಯಲ್ಲಿ ಹತ್ತು ನೂಲಿನ ತುಂಡು ಉಂಟು. ಒಂದೊಂದು ಬೆರಳಿಗೆ ಒಂದೊಂದು. ಬೆರಳ ಸುತ್ತಳತೆಗೆ ಒಂದು ಗಂಟು, ಉದ್ದಕ್ಕೆ ಇನ್ನೊಂದು ಗಂಟು. ಬೆಳಿಗ್ಗೆ ಅಳೆಯಬಾರದಂತೆ. "ನಡೆದು ಬಂದ ಮೇಲೆ ಅಳೀಲಿಕ್ಕೆ ಹೇಳಿ. ಕೂತವರ ಕಾಲು ಬೇರೆ, ನಡೆದವರ ಕಾಲು ಬೇರೆ." ಉಂಗುರದ ಬೆರಳಿಗೆ ಉಂಗುರದ ಮೇಲಿನಿಂದಲೇ ಅಳತೆ.

ಇತಿ, ನಪಾಸಾದ
ವೆಂಕಪ್ಪ


ಬರೆಮೇಲು
27 ಜೂನ್ 1982

ನಮ್ಮ ಮನೆಯವರಿಗೆ,

ಹತ್ತು ನೂಲೂ ಜೊತೆಗಿವೆ. ಏಳು ಮೈಲಿ ನಡೆದು ಬಂದು, ಕಾಲು ತೊಳೆದ ಕೂಡಲೇ ಗಂಟು ಹಾಕಿದ್ದು. ಒಂದೊಂದಕ್ಕೂ ಚೀಟಿ ಕಟ್ಟಿದ್ದೇನೆ.

ಹೆಬ್ಬೆರಳಿಗಿಂತ ಎರಡನೆಯದು ಉದ್ದ. ಕಿರುಬೆರಳು ಒಳಗೆ ಮಡಚಿದೆ. ಎರಡನೇ ಬೆರಳು ಉದ್ದ ಇದ್ದವಳು ಗಂಡನ ಮಾತು ಕೇಳುವುದಿಲ್ಲ ಎಂದು ಹೆಣ್ಣು ನೋಡಲು ಬಂದ ದಿನವೇ ನಿಮ್ಮ ಅಮ್ಮ ಹೇಳಿದ್ದರು. ಅವರು ನೋಡಿದ್ದಾರೆ. ನೀವು ಆ ದಿನ ಅವಲಕ್ಕಿ ತಿನ್ನುತ್ತಿದ್ದಿರಿ.

ಸಂದಿ ಒಡೆದಿದೆ. ಬೇಗ.

ಕಮಲಾ


ಪುತ್ತೂರು
14 ಜುಲೈ 1982

ಪ್ರಿಯ ಕಮಲಾ,

ಇಲ್ಲಿಯೂ ಮಳೆ ಜೋರು. ಶಾಲೆಯ ಹಂಚು ನಾಲ್ಕು ಕಡೆ ಸೋರುತ್ತಿದೆ. ಒಂಬತ್ತನೇ ಕ್ಲಾಸಿನವರು ಕೊಡೆ ಬಿಡಿಸಿಕೊಂಡು ಲೆಕ್ಕ ಕಲಿಯುತ್ತಿದ್ದಾರೆ. ಡ್ರಿಲ್ ಮಾಸ್ಟ್ರಿಗೆ ನೆಗಡಿ. ಅಮ್ಮ ಸುಳ್ಯದಿಂದ ಉಪ್ಪಿನಕಾಯಿ ಕಳಿಸಿದ್ದಾರೆ, ನೀನು ಬಂದಾಗ ತೆಗೆಯುವುದು ಎಂದು ಭರಣಿಯ ಬಾಯಿ ಕಟ್ಟಿಯೇ ಇಟ್ಟಿದ್ದೇನೆ.

ಮೊನ್ನೆ ಸುಮ್ಮನೆ ಒಂದು ಬಾಡಿಗೆ ಮನೆ ನೋಡಿದೆ. ಸುಮ್ಮನೆ ಅಷ್ಟೆ. ಎರಡು ಕೋಣೆ, ಅಡುಗೆಮನೆಗೆ ಎರಡು ಕಿಟಕಿ. ಬಾವಿಗೆ ಇಳಿಯುವ ದಾರಿಗೆ ಕಲ್ಲು ಹಾಸಿದೆ, ಕೆಸರೇ ಇಲ್ಲ. ಹಿತ್ತಿಲಿಗೆ ಬೆಳಗಿನ ಬಿಸಿಲು ಬರುತ್ತದೆ ಎಂದು ಮನೆಯವರು ಹೇಳಿದರು. ಬಿಸಿಲು ಕಂಡು ತಿಂಗಳಾದ್ದರಿಂದ ಪರೀಕ್ಷಿಸಲು ಆಗಲಿಲ್ಲ.

ಕಾಲುಚೀಲದ ವಿಷಯ ಪರಿಶೀಲನೆಯಲ್ಲಿದೆ. ಇಂಥ ಕೆಲಸ ಅವಸರದಲ್ಲಿ ಆಗುವುದಲ್ಲ.

ಇತಿ
ವೆಂಕಪ್ಪ


ಬರೆಮೇಲು
24 ಜುಲೈ 1982

ನಮ್ಮ ಮನೆಯವರಿಗೆ,

ಪರಿಶೀಲನೆಯಲ್ಲಿ ಎಂತ ಉಂಟು? ಹತ್ತು ನೂಲು ಕಳಿಸಿ ನಾಲ್ಕು ವಾರವಾಯಿತು. ಆ ನಾಲ್ಕು ವಾರದಲ್ಲಿ ಒಬ್ಬ ಮನುಷ್ಯನಿಗೆ ಕೋಟು ಹೊಲಿಯಬಹುದು.

ಈಗ ಗಾಯಕ್ಕೆ ಕಟ್ಟುವ ಗಾಜುಬಟ್ಟೆ ಸುತ್ತಿಕೊಂಡು ನಡೆಯುತ್ತಿದ್ದೇನೆ. ಮೊದಲ ತೋಡಿಗೆ ಒದ್ದೆ, ಎರಡನೆಯದಕ್ಕೆ ಸಡಿಲ, ಮೂರನೆಯದಕ್ಕೆ ನೀರುಪಾಲು. ನಿನ್ನೆ ಅಮ್ಮುವಿನ ಮನೆಗೆ ಹೋಗುವ ಸಂಕದ ಮೇಲೆ ಬಟ್ಟೆ ಜಾರಿ ನಾನೂ ಜಾರಿದೆ. ಒಂದು ಅಡಿಕೆ ಮರ ಕಡಿದು ಅಡ್ಡ ಹಾಕಿದ್ದಕ್ಕೆ ಇಲ್ಲಿಯವರು ಸಂಕ ಎನ್ನುವುದು. ಕೈಗೆ ಬಳ್ಳಿ ಸಿಕ್ಕಿತು, ಮದ್ದಿನ ಪೆಟ್ಟಿಗೆ ಸಿಕ್ಕಲಿಲ್ಲ. ಅದು ಕೆಳಗಿನ ತೋಟದವರ ಬೇಲಿಯಲ್ಲಿ ಸಿಕ್ಕಿಕೊಂಡಿತ್ತು. ಅಮ್ಮು ನನ್ನ ಕಾಲಿಗೆ ಬಿಸಿನೀರು ಹಾಕಿದಳು. ಎಂಟು ತಿಂಗಳ ಬಸುರಿ ಕೂತು ನರ್ಸಿನ ಕಾಲು ತೊಳೆಯುವುದು ಯಾವ ಪುಸ್ತಕದಲ್ಲಿಯೂ ಇಲ್ಲ. "ನೀವು ಇರ್ತೀರಲ್ಲ ನರ್ಸಕ್ಕ?" ಎಂದು ಮೂರು ಸಲ ಕೇಳಿದಳು.

ಆಗಸ್ಟ್ ಹದಿನಾರಕ್ಕೆ ಡಾಕ್ಟರು ಬರುತ್ತಾರೆ. ಈ ಕಾಲು ನೋಡಿದರೆ ಅಲ್ಲಿಯೇ ಕೂತು ಆರ್ಡರು ಬರೆಯುತ್ತಾರೆ.

ನಿಮ್ಮ ಬಾಡಿಗೆ ಮನೆಗೆ ಬೇರೆ ಯಾರಾದರೂ ಬರಲಿ. ಕಬಕದ ವಿಳಾಸ ನಿಮ್ಮ ಜೂನಿನ ಕಾಗದದಿಂದ ಊಹಿಸಿ ಬೀಫಾತುಮ್ಮನಿಗೆ ನಾನೇ ಒಂದು ಕಾರ್ಡು ಹಾಕಿದ್ದೇನೆ. ಟೊಪ್ಪಿ ಹೆಣೆಯುವವರು ಎಂದರೆ ಅಂಚೆಯವರಿಗೆ ಗೊತ್ತಾಗುತ್ತದೆ.

ಕಮಲಾ


ಕಬಕ
29 ಜುಲೈ 1982

ನರ್ಸ್ ಕಮಲಾವತಿಯವರಿಗೆ, ಕಬಕದ ಬೀಫಾತುಮ್ಮ ಹೇಳಿ, ಅಳಿಯ ರವೂಫ್ ಬರೆದದ್ದು.

ನಿಮ್ಮ ಕಾರ್ಡು ಬಂತು. ಓದಿಸಿ ಕೇಳಿ ನನಗೆ ಬೇಜಾರಾಯಿತು. ನಾನು ಕೆಲಸ ತಡ ಮಾಡುವವಳಲ್ಲ. ನಿಮ್ಮ ಚೀಲ ಆಗಿ ನಿಮ್ಮ ಯಜಮಾನರು ಜುಲೈ ಎಂಟು, ಗುರುವಾರ, ಮಧ್ಯಾಹ್ನ ಬಂದು ತೆಗೆದುಕೊಂಡು ಹೋಗಿದ್ದಾರೆ. ಚಹಾ ಕುಡಿದು ಹೋಗಿದ್ದಾರೆ. ತುಂಬ ಚಂದ ಆಗಿದೆ ಎಂದು ಹೇಳಿ, ಒಂದೊಂದು ಬೆರಳಿಗೆ ತನ್ನ ಬೆರಳು ಹಾಕಿ ನೋಡಿ, ಕಾಗದದಲ್ಲಿ ಸುತ್ತಿ ಕೊಡೆಯ ಒಳಗೆ ಇಟ್ಟುಕೊಂಡು ಹೋದರು.

ಸುದ್ದಿ ಬಾರದ್ದರಿಂದ ನಿಮಗೆ ಸರಿಯಾಗಲಿಲ್ಲವೇನೋ ಎಂದು ನಾನು ಮೂರು ವಾರದಿಂದ ಯೋಚನೆ ಮಾಡುತ್ತಿದ್ದೆ. ಬಲದ ಕಾಲಿನ ನಾಲ್ಕನೇ ನೂಲಿನ ಗಂಟು ಸ್ವಲ್ಪ ಸಡಿಲ ಇತ್ತು, ಅದರ ಮೇಲೆ ನನಗೆ ಸಂಶಯ. ಉಂಗುರದ ಬೆರಳಿಗೆ ಬುಡದಲ್ಲಿ ಹೆಣಿಗೆ ಸಡಿಲ ಬಿಟ್ಟು ಮೇಲೆ ಬಿಗಿ ಮಾಡಿದ್ದೇನೆ, ಉಂಗುರ ಒಳಗೆ ಆರಾಮ ಕೂರುತ್ತದೆ. ಅಡಿಗೆ ಎರಡು ಪದರ. ಹೊಗೆಸೊಪ್ಪಿನ ನೀರಿನಲ್ಲಿ ಒಮ್ಮೆ ಅದ್ದಿ ಒಣಗಿಸಿ ಹಾಕಿ, ಉಂಬುಳ ಹತ್ತುವುದಿಲ್ಲ.

ಸರಿಯಾಗದಿದ್ದರೆ ವಾಪಸು ಕಳಿಸಿ, ಬಿಚ್ಚಿ ಮಾಡಿ ಕೊಡುತ್ತೇನೆ. ಟೊಪ್ಪಿ ಸರಿಯಾಗದೆ ಯಾರೂ ನನ್ನ ಮನೆಯಿಂದ ಹೋದದ್ದಿಲ್ಲ.

ಬೀಫಾತುಮ್ಮ
(ಹೆಬ್ಬೆಟ್ಟು)

ಬರೆದವನ ಮಾತು: ಅಕ್ಕಾ, ಇದರಲ್ಲಿ ನನ್ನದು ಬರಹ ಮಾತ್ರ. ಸಾರಿಗೆ ನನ್ನ ಮೇಲೆ ಬೇಜಾರು ಬೇಡ ಎಂದು ಹೇಳಿ. — ರವೂಫ್


ಬರೆಮೇಲು
1 ಆಗಸ್ಟ್ 1982

ಕಬಕದಿಂದ ಬಂದ ಕಾಗದ ಇದರ ಜೊತೆಗಿದೆ. ಓದಿ.

ಕಮಲಾವತಿ


ಪುತ್ತೂರು
4 ಆಗಸ್ಟ್ 1982

ಕಮಲಾ,

ಓದಿದೆ.

ಚೀಲ ಈ ಕಟ್ಟಿನಲ್ಲಿದೆ. ನಮ್ಮ ಕಡೆಯ ಬಸ್ಸಿನ ಕಂಡಕ್ಟರ್ ಕೂಸಪ್ಪನ ಕೈಯಲ್ಲಿ ಇವತ್ತೇ ಕಳಿಸುತ್ತಿದ್ದೇನೆ. ಕಡಬದ ಹೋಟೆಲಿನಲ್ಲಿ ಕೊಟ್ಟು, ಬರೆಮೇಲಿನ ಹಾಲಿನವರ ಕೈಗೆ ಮುಟ್ಟಿಸಲೇಬೇಕು ಎಂದು ಹೇಳಿದ್ದೇನೆ. ಅಂಚೆಯನ್ನೂ ನಂಬುವ ಧೈರ್ಯ ಈಗ ನನಗಿಲ್ಲ. ಅಂಚೆ ಏನೂ ತಪ್ಪು ಮಾಡಿಲ್ಲ ಎಂಬುದು ಬೇರೆ ಮಾತು.

ಜುಲೈ ಎಂಟಕ್ಕೆ ತಂದದ್ದು ನಿಜ. ಶಾಲೆಯ ಮೇಜಿನ ಖಾನೆಯಲ್ಲಿ ಇಟ್ಟದ್ದು ನಿಜ. ಮೊದಲ ದಿನ ಅಂಚೆ ಮುಚ್ಚಿತ್ತು. ಎರಡನೇ ದಿನ ತೆರೆದಿತ್ತು, ನಾನು ಹೋಗಲಿಲ್ಲ. ಆಮೇಲೆ ಪ್ರತಿ ದಿನ ಖಾನೆ ತೆರೆದು ನೋಡಿ, ನಾಳೆ ಎಂದುಕೊಂಡೆ. ನನಗೆ ನಾನೇ ಸೋಮಾರಿ ಎಂದು ಬೈದುಕೊಂಡೆ. ಸೋಮಾರಿತನವಾಗಿದ್ದರೆ ಒಳ್ಳೆಯದಿತ್ತು. ಬಾಡಿಗೆ ಮನೆಯವರಿಗೆ ಸೆಪ್ಟೆಂಬರ್ ಒಂದಕ್ಕೆ ಬರುತ್ತೇವೆ ಎಂದು ಹೇಳಿಯೂ ಆಗಿತ್ತು. ಸೋಮಾರಿಗಳು ಅಷ್ಟು ಮುಂದಾಲೋಚನೆ ಮಾಡುವುದಿಲ್ಲ.

ನಿನ್ನ ಬೆರಳು ಒಡೆದದ್ದನ್ನು ನೀನು ಬರೆದಿದ್ದಿ. ನಾನು ಓದಿದ್ದೆ. ಆದರೆ ಕಾಗದದಲ್ಲಿ ಓದಿದ ಕಾಲಿಗೆ ದಪ್ಪ ಇರುವುದಿಲ್ಲ. ಸಂಕದ ಮೇಲೆ ಜಾರಿದ್ದನ್ನು ಓದಿದ ದಿನವಾದರೂ ಕಳಿಸಬೇಕಿತ್ತು. ಆ ದಿನ ಕಳಿಸಿದರೆ ಅಷ್ಟು ದಿನ ಎಲ್ಲಿತ್ತು ಎಂದು ನೀನು ಕೇಳುತ್ತಿ ಎಂದು ಹೆದರಿ ಇನ್ನೂ ಒಂದು ವಾರ ಇಟ್ಟೆ. ಹೇಡಿತನಕ್ಕೆ ಇದಕ್ಕಿಂತ ಕ್ರಮಬದ್ಧವಾದ ದಾಖಲೆ ನಮ್ಮ ಕಛೇರಿಯಲ್ಲಿ ಇಲ್ಲ.

ಮನೆ ಬೇಡ ಎಂದು ಹೇಳಿ ಬಂದೆ.

ತಮಾಷೆ ಬರೆಯಬೇಕೆಂದು ಕೂತವನಿಗೆ ಇವತ್ತು ಬರುತ್ತಿಲ್ಲ.

ವೆಂಕಪ್ಪ


ಬರೆಮೇಲು
18 ಆಗಸ್ಟ್ 1982

ನಮ್ಮ ಮನೆಯವರಿಗೆ,

ನಿಮ್ಮ ಕಾಗದ ಬಂದ ಮೇಲೆ ಹದಿಮೂರು ದಿನ ಬರೆಯಲಿಲ್ಲ. ಬರೆದಿದ್ದರೆ ನಿಮಗೆ ಓದಲಿಕ್ಕೆ ಆಗುತ್ತಿರಲಿಲ್ಲ.

ಚೀಲ ಐದನೇ ತಾರೀಕು ಸಂಜೆ ಸಿಕ್ಕಿತು. ಬೀಫಾತುಮ್ಮ ನನ್ನ ಕಾಲನ್ನು ನೋಡದೆ ಮಾಡಿದ್ದು ಎಂದರೆ ಇಲ್ಲಿ ಯಾರೂ ನಂಬುವುದಿಲ್ಲ. ಮಡಚಿದ ಕಿರುಬೆರಳಿಗೆ ಮಡಚಿದ ಟೊಪ್ಪಿ. ಉಂಗುರ ಒಳಗೆ ಇದೆಯೋ ಇಲ್ಲವೋ ಎಂದು ನನಗೇ ಮರೆತುಹೋಗುತ್ತದೆ. ನಾಲ್ಕನೇ ಬೆರಳೂ ಸರಿಯೇ, ಅವರಿಗೆ ತಿಳಿಸಿದ್ದೇನೆ.

ಅಮ್ಮುವಿಗೆ ಹನ್ನೊಂದನೇ ತಾರೀಕು ಬೆಳಿಗ್ಗೆ ನೋವು ಶುರುವಾಯಿತು. ತೋಡು ತುಂಬಿ ಸಂಕದ ಅಡಿ ಮುಟ್ಟಿತ್ತು. ಅವಳ ಗಂಡ ಆಚೆ ದಡದಲ್ಲಿ ನಿಂತು, "ಬೇಡ ನರ್ಸಕ್ಕ, ನೀರು ಇಳಿಯುವವರೆಗೆ ನಿಲ್ಲಿ" ಎಂದು ಕೈಬೀಸುತ್ತಿದ್ದ. ನಾನು ಹೆಜ್ಜೆ ಇಟ್ಟೆ. ಹತ್ತು ಬೆರಳೂ ಬೇರೆ ಬೇರೆಯಾಗಿ ಮರವನ್ನು ಹಿಡಿದವು. ಹೆಣ್ಣು ಮಗು. ಆರು ಪೌಂಡು. ಕೂಡಲೇ ಅತ್ತಿತು. ಅಮ್ಮು ಆಮೇಲೆ ಅತ್ತಳು.

ಮೊನ್ನೆ ಡಾಕ್ಟರು ಬಂದರು. ನೀಲಿ ಮದ್ದು ಹಚ್ಚಿ ಚೀಲ ಹಾಕಿ ಹತ್ತು ದಿನಕ್ಕೆ ಸಂದಿಯಲ್ಲಿ ಹೊಸ ಚರ್ಮ ಬಂದಿದೆ. ಅವರು ಚೀಲವನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನು ಮಾಡಿದವರು ಆಪರೇಷನ್ ಮಾಡಿದ್ರೆ ಹೊಲಿಗೆ ಕಾಣ್ಲಿಕ್ಕಿಲ್ಲ" ಎಂದರು. ಆರ್ಡರು ಬರೆಯಲಿಲ್ಲ. ನಾನು ಇಲ್ಲಿಯೇ ಇರುತ್ತೇನೆ.

ಇನ್ನು ನಿಮ್ಮ ವಿಷಯ. ಕ್ಷಮಿಸುವುದು ಬಿಡುವುದು ಇನ್‌ಲ್ಯಾಂಡ್ ಕಾಗದದಲ್ಲಿ ಹಿಡಿಸುವ ಸಂಗತಿಯಲ್ಲ. ಸದ್ಯಕ್ಕೆ ಕೆಲಸದ ಮಾತು ಹೇಳುತ್ತೇನೆ. ಅಡಿ ಎರಡು ಪದರ ಇರುವುದರಿಂದ ಈ ಮಳೆಯಲ್ಲಿ ಚೀಲ ಐದು ದಿನವಾದರೂ ಒಣಗುವುದಿಲ್ಲ. ನನ್ನಲ್ಲಿರುವುದು ಒಂದು ಸೀಮೆಎಣ್ಣೆ ಸ್ಟೌವು. ಅದರ ಮೇಲೆ ಹಿಡಿದು ಒಂದು ಅಂಚು ಸುಟ್ಟೆ. ಒದ್ದೆ ಚೀಲ ಹಾಕಿದರೆ ಮತ್ತೆ ಮೊದಲಿನ ಕತೆಯೇ. ಆದ್ದರಿಂದ ಬೀಫಾತುಮ್ಮನಿಗೆ ಇನ್ನೂ ಮೂರು ಜೊತೆಗೆ ಹೇಳಿದ್ದೇನೆ. ನೂಲುಗಳು ಅವರಲ್ಲಿಯೇ ಇವೆ. ಮುಂದಿನ ಶುಕ್ರವಾರ ಕೊಡುತ್ತಾರೆ.

ಪ್ರತಿ ಶನಿವಾರ ಒಣಗಿದ್ದು ಇಲ್ಲಿಗೆ ಬರಬೇಕು, ಒದ್ದೆಯದು ಪುತ್ತೂರಿಗೆ ಹೋಗಬೇಕು. ಅಂಚೆಯವರನ್ನು ನಾನು ನಂಬುತ್ತೇನೆ, ಕೂಸಪ್ಪನನ್ನು ನಂಬುತ್ತೇನೆ, ಹಾಲಿನವರನ್ನೂ ನಂಬುತ್ತೇನೆ. ನಿಮ್ಮನ್ನು ನಂಬುವುದಿಲ್ಲ. ಅದಕ್ಕೇ ನೀವೇ ತರಬೇಕು. ನನ್ನ ಕೈಗೇ ಕೊಡಬೇಕು.

ಇತಿ
ಕಮಲಾ


ಪುತ್ತೂರು
30 ಆಗಸ್ಟ್ 1982

ಪ್ರಿಯ ಕಮಲಾ,

ಶನಿವಾರ ಬಂದು ಭಾನುವಾರ ಹೊರಟವನು ಸೋಮವಾರ ಕಾಗದ ಬರೆಯುವುದು ಎಂತಕ್ಕೆ ಎಂದು ನೀನು ಕೇಳಬಹುದು. ಒದ್ದೆ ಮಾಲು ಕ್ಷೇಮವಾಗಿ ತಲುಪಿದ ಬಗ್ಗೆ ಲಿಖಿತ ವರದಿ ಇರಲಿ ಎಂದು.

ಬಸ್ಸಿನಲ್ಲಿ ನನ್ನ ಕೈಚೀಲದಿಂದ ನೀರು ತೊಟ್ಟಿಕ್ಕುವುದನ್ನು ನೋಡಿ ಕೂಸಪ್ಪ, "ಎಂತ ವೆಂಕಪ್ಪಣ್ಣ, ಮೀನಾ?" ಎಂದ. ಹೆಂಡತಿಯ ಕಾಲುಚೀಲ ಎಂದೆ. ಹಿಂದಿನ ಸೀಟಿನವರೆಗೆ ಕೇಳಿಸಿತು. "ಒಣಗಿದ್ದು ಕೊಟ್ಟು ಒದ್ದೆ ತರುದಾ? ಒಳ್ಳೆ ವ್ಯಾಪಾರ ಮಾರಾಯ್ರೆ" ಎಂದ. ನೆಲ್ಯಾಡಿಯ ಕಡೆಯ ಒಬ್ಬ ಹಿರಿಯರು, ಯಾವ ಹರಕೆಯೋ ಎಂದು ವಿಚಾರಿಸಿದರು. ಪ್ರಾಯಶ್ಚಿತ್ತ ಎಂದೆ. ಎಷ್ಟು ವಾರದ್ದು ಎಂದು ಕೇಳಿದರು. ಮಳೆಯ ಕೈಯಲ್ಲಿ ಉಂಟು ಎಂದೆ.

ಭಾನುವಾರ ಬೆಳಿಗ್ಗೆ ನಿನ್ನ ಹಿಂದೆ ಬಂದದ್ದು ನಿನ್ನ ಕೆಲಸ ನೋಡಲಿಕ್ಕೆ ಎಂದು ಹೇಳಿದ್ದೆ. ನಿಜ ಹೇಳಿದರೆ, ನಿನ್ನ ಕಾಲು ನೋಡಲಿಕ್ಕೆ. ಸಂಕದ ಮೇಲೆ ನೀನು ಪೆಟ್ಟಿಗೆ ಹಿಡಿದು ಸುಮ್ಮನೆ ನಡೆದು ದಾಟಿದೆ. ನಾನು ಎಮ್ಮೆಯ ಮೇಲೆ ಕೂತವನ ಹಾಗೆ ಮರದ ಮೇಲೆ ಕುಳಿತು ಇಂಚಿಂಚೇ ಸರಿದು ದಾಟಿದೆ. ಅಮ್ಮುವಿನ ಅತ್ತೆ ಮಗುವನ್ನು ಎತ್ತಿ ಹಿಡಿದು ನನ್ನನ್ನು ತೋರಿಸಿದರು. ಹದಿನೆಂಟು ದಿನದ ಮಗುವಿಗೆ ನಗು ಬರುವುದಿಲ್ಲ, ಗಾಳಿಗೆ ಬಾಯಿ ಹಾಗಾಗುವುದು ಎಂದು ನೀನು ಸಮಾಧಾನ ಹೇಳಿದೆ. ನನಗೆ ಸಮಾಧಾನವಾಗಲಿಲ್ಲ.

ನಾನು ಜಾರಿ ಬಿದ್ದು ಕೆಸರಾದಾಗ ನೀನು ಕೈ ಕೊಟ್ಟು ಎತ್ತಿದೆ. ಕ್ಷಮಿಸಿದ್ದೇನೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಹೊಸ ಮೂರು ಜೊತೆ ಒದ್ದೆಯಾಗಿ ಒಣಗಲಿಕ್ಕೆ ಇನ್ನೂ ಬಾಕಿ ಉಂಟು, ಅವಸರವಿಲ್ಲ.

ಚೀಲ ಈಗ ಇಲ್ಲಿ ಪೇಟೆಯ ಹೈದರನ ಬೇಕರಿಯಲ್ಲಿ, ಬನ್ನು ಬೇಯಿಸುವ ಗೂಡಿನ ಹಿಂದಿನ ಬಿಸಿ ಗೋಡೆಗೆ ಕಟ್ಟಿದ ಹಗ್ಗದಲ್ಲಿ ನೇತಾಡುತ್ತಿದೆ. "ಬನ್ನಿಗೆ ವಾಸನೆ ಬಂತು ಅಂತ ಯಾರಾದ್ರೂ ಹೇಳಿದ್ರೆ ನಿಮ್ಮ ಹೆಸರೇ ಹೇಳುದು" ಎಂದಿದ್ದಾನೆ. ಮೂರು ದಿನಕ್ಕೆ ಹಪ್ಪಳದ ಹಾಗೆ ಗರಿಯಾಗುತ್ತದಂತೆ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೊರಡುತ್ತೇನೆ.

ಒಂದು ವಿಷಯ ಮಾತ್ರ ಇತ್ಯರ್ಥವಾಗಬೇಕಾಗಿದೆ. ಅಕ್ಟೋಬರಿನಲ್ಲಿ ಮಳೆ ನಿಲ್ಲುತ್ತದೆ. ನಿನ್ನ ಅಂಗಳಕ್ಕೆ ಬಿಸಿಲು ಬಂದರೆ ಚೀಲ ಅಲ್ಲಿಯೇ ಒಣಗುತ್ತದೆ. ಆಮೇಲೆ ಶನಿವಾರ ನಾನು ಕೈಯಲ್ಲಿ ಎಂತ ಹಿಡಿದುಕೊಂಡು ಬರಬೇಕು, ಮುಂಚಿತವಾಗಿ ತಿಳಿಸು.

ಇತಿ ನಿನ್ನ
ವೆಂಕಪ್ಪ